ಮುಳ್ಳು ಯಾರ ಮಾತು ಕೇಳುತ್ತದೆ?

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ಭಟ್ಕಳದ ಮಾವಿನಕುರ್ವೆ, ಹೊನ್ನಾವರದ ಕಾಸರಕೋಡು, ಕುಮಟಾದ ತದಡಿ ಬಂದರುಗಳಲ್ಲಿ ಮಳೆಯ ಜತೆಗೆ ಸ್ಪ್ಯಾನರಿನ ಸದ್ದೂ ಕೇಳುತ್ತದೆ. ಹಳೆಯ ಎಂಜಿನ್ ಕಿತ್ತು ಹೊಸದು ಕೂರಿಸುವುದೂ ಆಗಲೇ. ಲಕ್ಷಗಟ್ಟಲೆ ಬೆಲೆಯ ಎಂಜಿನ್ ಸರಪಳಿಯಲ್ಲಿ ತೂಗುತ್ತ ಬೋಟಿನ ಹೊಟ್ಟೆಗೆ ಇಳಿಯುವಾಗ ನೋಡಲು ಜನ ಸೇರುತ್ತಾರೆ. ಅಂಗೈಯಲ್ಲಿ ಹಿಡಿಸುವ ಆಯಿಲ್ ಪ್ರೆಶರ್ ಸೆನ್ಸರ್ ಕೂರಿಸುವ ಹೊತ್ತಿಗೆ ಎಲ್ಲರೂ ಚಹಾಕ್ಕೆ ಹೋಗಿರುತ್ತಾರೆ. ಒಳ್ಳೆಯ ಮೆಕ್ಯಾನಿಕ್‌ನ ಕೈಗುಣ ಕಾಣಬೇಕಾದರೆ ಆಗ ಅಲ್ಲಿರಬೇಕು.

ಎಂಜಿನ್‌ನ ಕ್ರ್ಯಾಂಕು ತಿರುಗುವುದು ತೆಳುವಾದ ಎಣ್ಣೆಪದರದ ಮೇಲೆ. ಒತ್ತಡ ಬಿದ್ದರೆ ಪದರ ಹರಿದು ಲೋಹಕ್ಕೆ ಲೋಹ ತಾಗುತ್ತದೆ, ಬೇರಿಂಗು ಸುಟ್ಟು ಎಂಜಿನ್ ಬಿಗಿಯುತ್ತದೆ. ಲಾರಿಯಾದರೆ ಹೆದ್ದಾರಿಯ ಬದಿಗೆ ನಿಲ್ಲಿಸಬಹುದು. ಶರಾವತಿಯ ಅಳಿವೆಯಲ್ಲಿ, ಮರಳದಿಬ್ಬದ ಮೇಲೆ ಅಲೆ ಒಡೆಯುವಲ್ಲಿ ಎಂಜಿನ್ ನಿಂತರೆ ಬದಿ ಎಂಬುದೇ ಇಲ್ಲ.

‘ಹಳೇ ಸೆನ್ಸರ್ ಚೆನ್ನಾಗೇ ಇದ್ಯಲ್ಲ, ಅದನ್ನೇ ಹಾಕು’ ಎನ್ನುತ್ತಾರೆ ಬೋಟು ನಡೆಸುವ ತಾಂಡೇಲರು. ‘ಹಾಕ್ವ ತಾಂಡೇಲ್ರೇ, ಮೊದ್ಲು ಗೇಜು ಯಾವ ಜಾತಿದು ನೋಡ್ವ’ ಎನ್ನುತ್ತಾನೆ ಮೆಕ್ಯಾನಿಕ್. ಜಾತಿ ಎಂದದ್ದು ತಮಾಷೆಗಲ್ಲ. ಸೆನ್ಸರಿನೊಳಗೆ ಒತ್ತಡಕ್ಕೆ ತಕ್ಕಂತೆ ಬದಲಾಗುವ ವಿದ್ಯುತ್ ತಡೆ ಇರುತ್ತದೆ. ಯುರೋಪಿನ ಪದ್ಧತಿಯಲ್ಲಿ ಒತ್ತಡ ಸೊನ್ನೆಯಿದ್ದಾಗ ಸುಮಾರು 10 ಓಮ್, ಪೂರ್ಣ ಒತ್ತಡಕ್ಕೆ ಸುಮಾರು 180. ಅಮೆರಿಕದ ಪದ್ಧತಿ ತಿರುಗುಮುರುಗು: ಸೊನ್ನೆಗೆ 240, ಪೂರ್ಣಕ್ಕೆ 33. ಒಂದರ ಸೆನ್ಸರ್ ಇನ್ನೊಂದರ ಗೇಜಿಗೆ ಸಿಕ್ಕಿಸಿದರೆ ಎಂಜಿನ್ ನಿಂತಿರುವಾಗ ಮುಳ್ಳು ತುದಿಗೇರಿ ಕೂರುತ್ತದೆ, ಎಂಜಿನ್ ಓಡಿದಂತೆ ಕೆಳಗಿಳಿಯುತ್ತದೆ.

ಗೇಜಿನ ಮೇಲಿನ ಅಕ್ಷರ ಉಪ್ಪುಗಾಳಿಗೆ ಅಳಿಸಿಹೋಗಿದ್ದರೂ ಜಾತಿ ತಿಳಿಯಲು ಅರೆನಿಮಿಷ ಸಾಕು. ಕೀ ತಿರುಗಿಸಿ, ಸೆನ್ಸರಿನ ತಂತಿ ಬಿಚ್ಚಿದಾಗ ಮುಳ್ಳು ಮೇಲಕ್ಕೋಡಿದರೆ ಯುರೋಪಿನದು, ಕೆಳಗೆ ಬಿದ್ದರೆ ಅಮೆರಿಕದ್ದು. ತಂತಿಯನ್ನು ಎಂಜಿನ್‌ ಮೈಗೆ ಮುಟ್ಟಿಸಿದರೆ ಎರಡೂ ತಮ್ಮ ದಿಕ್ಕು ಬದಲಿಸುತ್ತವೆ. ಇದರಲ್ಲೇ ಒಂದು ಅಪಾಯವೂ ಅಡಗಿದೆ. ಯುರೋಪಿನ ಗೇಜಿದ್ದ ಬೋಟಿನಲ್ಲಿ ನಡುಗಡಲಲ್ಲಿ ತಂತಿ ತುಂಡಾದರೆ ಗೇಜು ಭರ್ತಿ ಒತ್ತಡ ತೋರಿಸುತ್ತ ಕೂರುತ್ತದೆ! ಅದಕ್ಕೇ ಬಲ್ಲವರು ಗೇಜೊಂದನ್ನೇ ನಂಬದೆ ಕೆಂಪು ದೀಪ, ಬಜರ್‌ಗೆಂದು ಬೇರೆಯೇ ಸ್ವಿಚ್ ಇಡುತ್ತಾರೆ. ಒತ್ತಡ ಇಲ್ಲದಾಗ ಅದು ದೀಪ ಹೊತ್ತಿಸುತ್ತದೆ, ಎಂಜಿನ್ ಹಿಡಿದೊಡನೆ ಆರಿಸುತ್ತದೆ. ಅದರ ತಂತಿಯೂ ತುಂಡಾಗಬಹುದು. ಆಗ ದೀಪ ಹೊತ್ತುವುದೇ ಇಲ್ಲ. ಹಾಗಾಗಿ ಕೀ ತಿರುಗಿಸಿದಾಗ ದೀಪ ಹೊತ್ತಿತೋ ಎಂದು ನೋಡದೆ ಸ್ಟಾರ್ಟ್ ಮಾಡಬಾರದು.

ಇನ್ನು ಅಳತೆ. 5 ಬಾರ್‌ನ ಗೇಜಿಗೆ 10 ಬಾರ್‌ನ ಸೆನ್ಸರ್ ಹಾಕಿದರೆ 4 ಇದ್ದಲ್ಲಿ 2 ಎಂದು ತೋರಿಸಿ, ಏನೂ ಆಗದ ಎಂಜಿನ್ ಬಿಚ್ಚಿಸುತ್ತದೆ. ಬೆಳಗಿನ ತಣ್ಣನೆ ಎಣ್ಣೆಯಲ್ಲಿ ಒತ್ತಡ 5 ದಾಟುವ ಎಂಜಿನ್‌ಗಳಿವೆ; ಅವಕ್ಕೆ ಸೆನ್ಸರೂ ಗೇಜೂ ಎರಡೂ 10ರವೇ ಬೇಕು.

ಕೈಗುಣ ನಿಜವಾಗಿ ಕಾಣುವುದು ಮರೆಯಲ್ಲಿ, ಅಂದರೆ ತಿರುಪಿನ ಸುತ್ತಿನಲ್ಲಿ. ಎಂಟನೇ ಒಂದು ಇಂಚು ಎಂದು ಹೆಸರು, ಅಳೆದರೆ ಸುಮಾರು 10 ಮಿಲಿಮೀಟರ್; ಪೈಪಿನ ಲೆಕ್ಕವೇ ಹಾಗೆ. ಅಮೆರಿಕದ ಮರೆಯಲ್ಲಿ ಇಂಚಿಗೆ 27 ಸುತ್ತು, ಬ್ರಿಟಿಷ್ ಮರೆಯಲ್ಲಿ 28. ಮೆಟ್ರಿಕ್‌ನ 10 ಮಿಲಿಮೀಟರಿನದು ಸುತ್ತಿಗೆ 1 ಮಿಲಿಮೀಟರ್. ಮೂರೂ ಮೊದಲೆರಡು ಸುತ್ತು ಒಂದರಲ್ಲೊಂದು ಸಲೀಸಾಗಿ ಹೋಗುತ್ತವೆ. ಆಮೇಲಿನ ಬಿಗಿತವನ್ನು ‘ಹೊಸದಲ್ವಾ, ಟೈಟ್ ಇರ್ತದೆ’ ಎಂದು ಸ್ಪ್ಯಾನರ್ ಹಾಕಿ ಒತ್ತಿದರೆ ಎಂಜಿನ್ ಬ್ಲಾಕಿನ ಮರೆಯೇ ಹೋಯಿತು. ನಾನು ಕಂಡ ಜಾಣರು ಬರಿಗೈಯಲ್ಲಿ ತಿರುಗಿಸಿ, ಬೆರಳಿಗೆ ಬಿಗಿತ ತಟ್ಟಿದೊಡನೆ ಹೊರತೆಗೆದು, ಮರೆ ಎಣಿಸುವ ಗೇಜನ್ನು ಹಲ್ಲುಗಳ ಮೇಲಿಟ್ಟು ಬೆಳಕಿಗೆ ಹಿಡಿಯುತ್ತಾರೆ. ಟೆಫ್ಲಾನ್ ಟೇಪಿನ ಬಗ್ಗೆಯೂ ಅವರು ಜಿಪುಣರು. ಒಂದೇ ತಂತಿಯ ಸೆನ್ಸರಿಗೆ ಎಂಜಿನ್ನಿನ ಮೈಯೇ ಎರಡನೇ ತಂತಿ; ಟೇಪು ದಪ್ಪಗೆ ಸುತ್ತಿದರೆ ಆ ದಾರಿ ಮುಚ್ಚಬಹುದು.

ಸೆನ್ಸರ್, ಸ್ವಿಚ್ ಎರಡನ್ನೂ ಹಿತ್ತಾಳೆಯ ‘ಟೀ’ಗೆ ಪೋಣಿಸಿ ಬ್ಲಾಕಿನಿಂದ ಹೊರಚಾಚಿ ಬಿಡುವ ಅಭ್ಯಾಸ ನನಗೆ ಹಿಡಿಸದು. ಭಾರದ ಸೆನ್ಸರ್ ದಿನವಿಡೀ ನಡುಗಿ ನಡುಗಿ ಹಿತ್ತಾಳೆಯ ಕುತ್ತಿಗೆ ಮುರಿದರೆ ಎಣ್ಣೆ ಕಾದ ಸೈಲೆನ್ಸರಿನ ಮೇಲೆ ಚಿಮ್ಮುತ್ತದೆ. ಬಲ್ಲವರು ಬ್ಲಾಕಿನಿಂದ ಒತ್ತಡ ತಡೆಯುವ ಹೋಸ್ ಎಳೆದು, ಸೆನ್ಸರನ್ನು ಪಕ್ಕದ ಹಲಗೆಗೆ ಕ್ಲಾಂಪ್ ಮಾಡುತ್ತಾರೆ. ಆಗ ಸೆನ್ಸರಿನ ಮೈಗೆ ಪ್ರತ್ಯೇಕ ಅರ್ಥ್ ತಂತಿ ಕೊಡಲೇಬೇಕು.

ಹೊಸ ಎಂಜಿನ್‌ಗಳಲ್ಲಿ ಕಂಪ್ಯೂಟರಿಗೆ ಅರ್ಧದಿಂದ ನಾಲ್ಕೂವರೆ ವೋಲ್ಟ್ ಸಂಕೇತ ಕಳಿಸುವ ಮೂರು ತಂತಿಯ ಸೆನ್ಸರ್ ಇರುತ್ತದೆ. ಅದನ್ನು ಹಳೆಯ ಗೇಜಿಗೆ ಎಳೆಯಲು ಹೋಗದೆ, ಬ್ಲಾಕಿನ ಇನ್ನೊಂದು ಆಯಿಲ್ ತೂತು ಹುಡುಕಿ ಅಲ್ಲಿ ಬೇರೆ ಸೆನ್ಸರ್ ಕೂರಿಸುವುದೇ ವಾಸಿ.

ಕೊನೆಗೆ ಮೆಕ್ಯಾನಿಕ್ ತಂತಿಯಿಲ್ಲದ, ಬಾಗಿದ ಹಿತ್ತಾಳೆ ಕೊಳವೆಯ ಗೇಜೊಂದನ್ನು ತಾತ್ಕಾಲಿಕವಾಗಿ ಸಿಕ್ಕಿಸುತ್ತಾನೆ. ಪ್ಯಾರಿಸ್ಸಿನ ಯೂಜೀನ್ ಬೋರ್ಡನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯವದು. ಒತ್ತಡ ಏರಿದಂತೆ ಕೊಳವೆ ನೆಟ್ಟಗಾಗಲು ನೋಡುತ್ತದೆ. ಅದರ ಅಂಕಿಗೂ ಕ್ಯಾಬಿನ್ನಿನ ಮುಳ್ಳಿಗೂ ತಾಳೆಯಾದ ಮೇಲೆ, ತಣ್ಣಗಿದ್ದಾಗ ಎಷ್ಟು, ಬಿಸಿಯಾದಾಗ ಸ್ಲೋದಲ್ಲಿ ಎಷ್ಟು, ಪೂರ್ಣ ವೇಗದಲ್ಲಿ ಎಷ್ಟು ಎಂದು ಗೇಜಿನ ಪಕ್ಕದ ಹಲಗೆಯ ಮೇಲೆ ಬಣ್ಣದಲ್ಲಿ ಬರೆದಿಡುತ್ತಾನೆ. ಮೇಲೆ ಹಳೆಯ ಎಂಜಿನ್ನಿನ ಮೂರು ಅಂಕಿಗಳು ಮಾಸಿಕೊಂಡು ಇನ್ನೂ ಇರುತ್ತವೆ. ಅವನ್ನು ಯಾರೂ ಅಳಿಸುವುದಿಲ್ಲ.