ಅಡುಗೆಮನೆಯ ಮೇಜಿನ ಮೇಲಿನ ಲೋಕ

ಚಿತ್ರಪ್ರದರ್ಶನವೊಂದನ್ನು ನೋಡಿ ಬಂದವರು ಕಲಾವಿದನ ಬದುಕನ್ನೂ ಆ ಸಂಜೆಯ ಬೆಳಕಿನಲ್ಲಿಯೇ ಕಲ್ಪಿಸಿಕೊಳ್ಳುವುದು ಸಹಜ. ಹಾರ, ಭಾಷಣ, ಮೆಚ್ಚುಗೆಯ ಮಾತು, ಗೋಡೆಯ ಮೇಲೆ ಹೆಸರು, ಇದೇ ಕಲೆಗಾರನ ಜೀವನವೆಂದು ತೋರುತ್ತದೆ. ಆದರೆ ಪ್ರದರ್ಶನವೆಂಬುದು ಊರ ತೇರಿದ್ದ ಹಾಗೆ. ತೇರನ್ನೆಳೆಯುವುದು ವರ್ಷಕ್ಕೊಂದು ದಿನ. ಗಾಲಿಯನ್ನು ಕಡೆದ ಬಡಗಿಯ, ಹಗ್ಗವನ್ನು ಹೊಸೆದವನ ದುಡಿಮೆ ಉಳಿದ ದಿನಗಳದು. ಅದನ್ನು ನೋಡಲು ಯಾರೂ ನೆರೆಯುವುದಿಲ್ಲ. ಎರಡು ಪ್ರದರ್ಶನಗಳ ನಡುವಣ ಆ ದೀರ್ಘಕಾಲವನ್ನು ಕಲಾವಿದನು ಹೇಗೆ ಕಳೆಯುತ್ತಾನೆ? ಕೆಲಸಕ್ಕೆ ಬೇಕಾದ ಹೊತ್ತನ್ನು ಎಲ್ಲಿಂದ ತರುತ್ತಾನೆ? ಅಮೆರಿಕದ ಜೋಸೆಫ್ ಕಾರ್ನೆಲ್ಲನ ಬದುಕು ಈ ಪ್ರಶ್ನೆಗೆ ನೇರವಾದ ಉತ್ತರವೊಂದನ್ನು ಕೊಡುತ್ತದೆ.

ಕಾರ್ನೆಲ್ಲನು ಹುಟ್ಟಿದ್ದು 1903ರ ಡಿಸೆಂಬರ್ 24ರಂದು, ನ್ಯೂಯಾರ್ಕಿಗೆ ಸಮೀಪದಲ್ಲಿ ಹಡ್ಸನ್ ನದಿಯ ದಡದಲ್ಲಿರುವ ನ್ಯಾಕ್ ಎಂಬ ಊರಿನಲ್ಲಿ. 1917ರಲ್ಲಿ ತಂದೆ ತೀರಿಕೊಂಡ. ನಾಲ್ವರು ಮಕ್ಕಳಲ್ಲಿ ಈತನೇ ಹಿರಿಯ. ಎಲ್ಲರಿಗಿಂತ ಕಿರಿಯವನಾದ ರಾಬರ್ಟನು ಮೆದುಳಿಗೆ ಸಂಬಂಧಿಸಿದ ಪಾರ್ಶ್ವವಾಯುವಿನಿಂದ ಗಾಲಿಕುರ್ಚಿಯಲ್ಲಿಯೇ ಬಾಳಬೇಕಾದವನು. ಓದನ್ನು ಪದವಿಯವರೆಗೆ ಮುಟ್ಟಿಸದೆ, 1921ರಲ್ಲಿ ಜೋಸೆಫನು ನ್ಯೂಯಾರ್ಕಿನ ಬಟ್ಟೆಯ ವ್ಯಾಪಾರದ ಸಂಸ್ಥೆಯೊಂದನ್ನು ಸೇರಿದ. ಉಣ್ಣೆಯ ಬಟ್ಟೆಯ ಮಾದರಿಗಳನ್ನು ಹೊತ್ತುಕೊಂಡು ಗಿರಾಕಿಗಳ ಬಾಗಿಲು ತಟ್ಟುವುದು ಆತನ ಕೆಲಸ. 1929ರಲ್ಲಿ ಸಂಸಾರವು ನಗರದ ಕ್ವೀನ್ಸ್ ಭಾಗದಲ್ಲಿ ಮರದ ಚಿಕ್ಕ ಮನೆಯೊಂದಕ್ಕೆ ಬಂದು ನೆಲಸಿತು. ಬೀದಿಯ ಹೆಸರು ಯುಟೋಪಿಯಾ ಪಾರ್ಕ್‌ವೇ. ಯುಟೋಪಿಯಾ ಎಂದರೆ ಎಲ್ಲಿಯೂ ಇಲ್ಲದ ಆದರ್ಶದ ನಾಡು. ತಾಯಿ ಮತ್ತು ತಮ್ಮನೊಡನೆ ಆತನು ಬಾಳಿದ್ದು ಅಲ್ಲಿಯೇ. 1972ರಲ್ಲಿ ಕಣ್ಣು ಮುಚ್ಚಿದ್ದೂ ಅಲ್ಲಿಯೇ.

ಆತನು ಚಿತ್ರಕಲೆಯ ಶಾಲೆಯ ಮೆಟ್ಟಿಲನ್ನು ಹತ್ತಿದವನಲ್ಲ. ನೌಕರಿಯ ನಡುವೆ ದೊರೆಯುತ್ತಿದ್ದ ಮಧ್ಯಾಹ್ನದ ಬಿಡುವೇ ಆತನ ವಿದ್ಯಾಶಾಲೆ. ಊಟದ ಹೊತ್ತಿನಲ್ಲಿ ನಾಲ್ಕನೆಯ ಅವೆನ್ಯೂವಿನ ಹಳೆಯ ಪುಸ್ತಕದ ಅಂಗಡಿಗಳನ್ನು ಹೊಕ್ಕು ತಡಕುವನು. ಮಾಸಿದ ಮುದ್ರಣಚಿತ್ರ, ನಕ್ಷತ್ರಗಳ ಭೂಪಟ, ಗತಕಾಲದ ನರ್ತಕಿಯರ ಭಾವಚಿತ್ರ, ಮಣ್ಣಿನ ಚಿಲುಮೆ, ಗೋಲಿ, ಗರಿ, ಗಡಿಯಾರದ ಬಿಡಿಭಾಗ, ಇವೆಲ್ಲ ಆತನ ಜೇಬನ್ನು ಸೇರುತ್ತಿದ್ದವು. ಬಣ್ಣವೊಂದನ್ನೇ ನಂಬದೆ, ಕಾಗದ, ಮರ, ಗಾಜು, ಲೋಹ ಮುಂತಾದವನ್ನು ಕೂಡಿಸಿ ಕೃತಿಯನ್ನು ಕಟ್ಟುವುದನ್ನು ನಾವು ಇಂದು ಮಿಶ್ರಮಾಧ್ಯಮವೆನ್ನುತ್ತೇವೆ. ನಮ್ಮ ಹಿರಿಯರು ಇದನ್ನು ಕಂಡಿದ್ದರೆ ಕಸದಿಂದ ರಸ ತೆಗೆಯುವ ವಿದ್ಯೆ ಎನ್ನುತ್ತಿದ್ದರೋ ಏನೋ.

1931ರಲ್ಲಿ ಆರ್ಥಿಕ ಮುಗ್ಗಟ್ಟಿನಿಂದಾಗಿ ಆ ನೌಕರಿ ಹೋಯಿತು. ಅದೇ ವರ್ಷ ಆತನು ತನ್ನ ಕೊಲಾಜುಗಳನ್ನು, ಎಂದರೆ ಕತ್ತರಿಸಿ ಅಂಟಿಸಿದ ಚಿತ್ರಗಳನ್ನು, ಜೂಲಿಯನ್ ಲೆವಿ ಎಂಬ ಚಿತ್ರಶಾಲೆಯ ಒಡೆಯನಿಗೆ ಅಳುಕುತ್ತ ತೋರಿಸಿದ. 1932ರ ಜನವರಿಯಲ್ಲಿ ಆ ಚಿತ್ರಶಾಲೆಯಲ್ಲಿ ನಡೆದ ಅತಿವಾಸ್ತವವಾದಿಗಳ ಪ್ರದರ್ಶನದಲ್ಲಿ ಅವು ಕಾಣಿಸಿಕೊಂಡವು. ವರ್ಷದ ಕೊನೆಗೆ ಆತನೊಬ್ಬನದೇ ಪ್ರದರ್ಶನವೂ ನಡೆಯಿತು. ಆದರೆ ಪ್ರದರ್ಶನವು ಮನೆಯ ಮೂವರಿಗೆ ಅನ್ನವನ್ನು ತರಲಿಲ್ಲ. 1934ರಿಂದ 1940ರವರೆಗೆ ಮತ್ತೆ ಬಟ್ಟೆಯ ವಿನ್ಯಾಸದ ನೌಕರಿಯನ್ನೇ ಆಶ್ರಯಿಸಬೇಕಾಯಿತು.

ಹಾಗಾದರೆ ಕಲೆಗೆ ಉಳಿದ ಹೊತ್ತು ಯಾವುದು? ರಾತ್ರಿ. ತಾಯಿಯೂ ತಮ್ಮನೂ ಮಲಗಿದ ಮೇಲೆ ಅಡುಗೆಮನೆಯ ಮೇಜೇ ಕಲಾಶಾಲೆಯಾಗುತ್ತಿತ್ತು. ಪೆಟ್ಟಿಗೆಯನ್ನು ಜೋಡಿಸುವ ಬಡಗಿಯ ಕೆಲಸವನ್ನು ನೆರೆಮನೆಯವನೊಬ್ಬನಿಂದ ಕಲಿತುಕೊಂಡ. ಹೊಸ ಮರಕ್ಕೆ ಹಳೆತನವನ್ನು ತರಲು ಬಣ್ಣದ ಮೇಲೆ ಬಣ್ಣ ಬಳಿದು, ತಾಯಿಯ ಒಲೆಯಲ್ಲಿಟ್ಟು ಕಾಯಿಸುತ್ತಿದ್ದ. ಕಾಲವು ನೂರು ವರ್ಷಗಳಲ್ಲಿ ಮಾಡುವ ಕೆಲಸವನ್ನು ರೊಟ್ಟಿ ಬೇಯಿಸುವ ಒಲೆ ಕೆಲವು ಗಂಟೆಗಳಲ್ಲಿ ಮಾಡಿಕೊಡುತ್ತಿತ್ತು. ಮುಂದೆ ನೆಲಮಾಳಿಗೆಯು ಆತನ ಕಾರ್ಯಾಗಾರವಾಯಿತು. ಅಲ್ಲಿ ಸಾಲುಸಾಲಾಗಿ ಡಬ್ಬಗಳು, ಒಂದೊಂದಕ್ಕೂ ಒಂದೊಂದು ಚೀಟಿ. ಗೂಬೆಯ ಚಿತ್ರಗಳಿಗೆ ಒಂದು, ಕಪ್ಪೆಚಿಪ್ಪಿಗೆ ಒಂದು, ಗಡಿಯಾರದ ಚೂರಿಗೆ ಇನ್ನೊಂದು. ಇಂದು ಸಂಗ್ರಹಿಸಿದ ವಸ್ತುವಿಗೆ ತಕ್ಕ ಜಾಗ ದೊರೆಯಲು ಎಷ್ಟೋ ವರ್ಷಗಳು ಹಿಡಿಯುವುದುಂಟು. ಹಾಗೆ ಕಾಯುವುದೂ ಆತನ ಪಾಲಿಗೆ ಕೆಲಸವೇ ಆಗಿತ್ತು.

ಈ ರಾತ್ರಿಗಳಿಂದ ಹುಟ್ಟಿದವು ಆತನ ಪ್ರಸಿದ್ಧ ಪೆಟ್ಟಿಗೆಗಳು. ಜಾತ್ರೆಯಲ್ಲಿ ಕಾಸು ಕೊಟ್ಟು ಕಣ್ಣಿಟ್ಟು ನೋಡುತ್ತಿದ್ದ ಚಿತ್ರದ ಪೆಟ್ಟಿಗೆಯನ್ನು ಬಲ್ಲವರಿಗೆ ಇವುಗಳ ಸೊಗಸು ಬೇಗ ತಿಳಿದೀತು. 1936ರ ‘ಸಾಬೂನುಗುಳ್ಳೆಗಳ ಸಲಕರಣೆ’ಯಲ್ಲಿ ಒಂದು ಮಣ್ಣಿನ ಚಿಲುಮೆ, ಬಟ್ಟಲಿನಲ್ಲಿ ಒಂದು ಮೊಟ್ಟೆ, ಬೊಂಬೆಯ ಒಂದು ತಲೆ, ನಡುವೆ ಚಂದ್ರನ ದೊಡ್ಡ ನಕ್ಷೆ. ಮಗುವು ಊದಿದ ಗುಳ್ಳೆಯೇ ಆಕಾಶಕ್ಕೇರಿ ಚಂದ್ರನಾದಂತೆ ತೋರುತ್ತದೆ. 1953ರ ಸುಮಾರಿನಲ್ಲಿ ಮಾಡಿದ ಮತ್ತೊಂದು ಪೆಟ್ಟಿಗೆ, ಬದುಕಿನ ಬಹುಭಾಗವನ್ನು ಹುಟ್ಟಿದ ಮನೆಯೊಳಗೇ ಕಳೆದ ಕವಯಿತ್ರಿ ಎಮಿಲಿ ಡಿಕಿನ್ಸನಳ ನೆನಪಿಗೆ ಮೀಸಲು. ಒಳಗೆಲ್ಲ ಬರಿಯ ಬಿಳುಪು. ತಂತಿಯ ಬಲೆ, ಹಕ್ಕಿ ಕೂಡುವ ಕಡ್ಡಿ, ಹಿಂದೆ ಒಂದು ಕಿಟಕಿ, ಕಿಟಕಿಯಾಚೆ ನೀಲಿ. ಹಕ್ಕಿ ಮಾತ್ರ ಇಲ್ಲ.

‘ದೇಶ ಸುತ್ತು, ಇಲ್ಲವೆ ಕೋಶ ಓದು’ ಎಂಬುದು ನಮ್ಮವರ ಮಾತು. ಕಾರ್ನೆಲ್ಲನಿಗೆ ದೇಶ ಸುತ್ತುವ ಯೋಗವಿರಲಿಲ್ಲ. ಆತನು ಸಮುದ್ರವನ್ನು ದಾಟಿದವನೇ ಅಲ್ಲ. ಆದರೂ ಆತನ ಪೆಟ್ಟಿಗೆಗಳ ಗೋಡೆಗಳಲ್ಲಿ ಯೂರೋಪಿನ ಹೋಟೆಲುಗಳ ಹೆಸರುಗಳು ಮಿನುಗುತ್ತವೆ. ತಮ್ಮನನ್ನು ಬಿಟ್ಟು ಹೋಗಲಾರದವನು ಪ್ರಪಂಚವನ್ನೇ ತಮ್ಮನಿದ್ದ ಮನೆಗೆ ಕರೆಸಿಕೊಂಡನೆನ್ನಬೇಕು.

1940ರ ಕೊನೆಗೆ ನೌಕರಿಯನ್ನು ಬಿಟ್ಟದ್ದರಿಂದ ದಿನವೆಲ್ಲ ತನ್ನದಾಯಿತೆಂದಲ್ಲ. ಪತ್ರಿಕೆಗಳಿಗೆ ಪುಟವಿನ್ಯಾಸ ಮಾಡಿಕೊಟ್ಟು ಸಂಪಾದಿಸಬೇಕು. ತಮ್ಮನ ಆರೈಕೆ ನಡೆಯಬೇಕು. 1943ರಲ್ಲಿ ಕೆಲವು ತಿಂಗಳು ಯುದ್ಧಸಾಮಗ್ರಿಯ ಕಾರ್ಖಾನೆಯಲ್ಲಿಯೂ ದುಡಿದ. ಪ್ರದರ್ಶನಗಳು ಬಂದು ಹೋಗುತ್ತಿದ್ದವು. 1949ರ ಡಿಸೆಂಬರಿನಲ್ಲಿ ಈಗನ್ ಚಿತ್ರಶಾಲೆಯಲ್ಲಿ ಹಕ್ಕಿಗಳ ಪೆಟ್ಟಿಗೆಗಳನ್ನು ಕಂಡು ರಸಿಕರು ತಲೆದೂಗಿದರು. ಆದರೂ ತನ್ನ ಪೆಟ್ಟಿಗೆಯನ್ನು ಮಾರುವುದೆಂದರೆ ಆತನಿಗೆ ಸಂಕಟ. ಕೊಳ್ಳಬಂದವರನ್ನು ಕಾಯಿಸಿದ್ದುಂಟು, ಮೆಚ್ಚಿದವರಿಗೆ ಸುಮ್ಮನೆ ಕೊಟ್ಟದ್ದೂ ಉಂಟು.

1965ರ ಫೆಬ್ರವರಿಯಲ್ಲಿ ರಾಬರ್ಟನು ತೀರಿಕೊಂಡ. ಆತನೂ ಕುಳಿತಲ್ಲಿಯೇ ಇಲಿ, ಮೊಲಗಳ ಚಿತ್ರಗಳನ್ನು ಬರೆಯುತ್ತಿದ್ದ. ಅಣ್ಣನು ಆ ಚಿತ್ರಗಳನ್ನು ತನ್ನ ಕೊಲಾಜುಗಳಲ್ಲಿ ಸೇರಿಸಿ, 1966ರ ಜನವರಿಯಲ್ಲಿ ತಮ್ಮನ ಹೆಸರಿನಲ್ಲಿಯೇ ಸ್ಮಾರಕ ಪ್ರದರ್ಶನವನ್ನು ಏರ್ಪಡಿಸಿದ. ಅದೇ ವರ್ಷದ ಅಕ್ಟೋಬರಿನಲ್ಲಿ ತಾಯಿಯೂ ಹೋದಳು. 1967ರಲ್ಲಿ ಪಾಸಡೀನಾ ಮತ್ತು ನ್ಯೂಯಾರ್ಕಿನ ಗುಗನ್‌ಹೈಮ್ ವಸ್ತುಸಂಗ್ರಹಾಲಯಗಳು ಆತನ ಜೀವಮಾನದ ಕೃತಿಗಳನ್ನು ಪ್ರದರ್ಶಿಸಿದವು. ಬಿಡುವೂ ಕೀರ್ತಿಯೂ ಒಟ್ಟಿಗೆ ಕೈಸೇರಿದ ಹೊತ್ತಿಗೆ, ಪ್ರದರ್ಶನದಿಂದ ಮರಳಿ ಬಂದರೆ ಬಾಗಿಲು ತೆರೆಯುವವರು ಮನೆಯಲ್ಲಿ ಇರಲಿಲ್ಲ.

ಕೊನೆಯ ಪ್ರದರ್ಶನಗಳಲ್ಲೊಂದು ಆತನ ಮನಸ್ಸನ್ನು ಚೆನ್ನಾಗಿ ತೋರಿಸುತ್ತದೆ. 1972ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಕೂಪರ್ ಯೂನಿಯನ್ ಕಲಾಶಾಲೆಯಲ್ಲಿ ಮಕ್ಕಳಿಗಾಗಿಯೇ ಆತನ ಪೆಟ್ಟಿಗೆಗಳ ಪ್ರದರ್ಶನ ನಡೆಯಿತು. ಪೆಟ್ಟಿಗೆಗಳನ್ನು ಮಕ್ಕಳ ಕಣ್ಣಿನ ಎತ್ತರಕ್ಕೆ ಇಳಿಸಿ ತೂಗುಹಾಕಿದ್ದರು. ಬಂದವರಿಗೆ ಮದ್ಯದ ಬದಲು ಚೆರ್ರಿ ಬೆರೆಸಿದ ಕೋಲಾ ಪಾನೀಯ ಮತ್ತು ಸಿಹಿ ತಿನಿಸು. ದೊಡ್ಡವರು ನೋಡಬೇಕಾದರೆ ಬಾಗಬೇಕಾಯಿತು. ಆ ವರ್ಷದ ಡಿಸೆಂಬರ್ 29ರಂದು, 69 ವರ್ಷ ತುಂಬಿದ ಐದನೆಯ ದಿನ, ಕಾರ್ನೆಲ್ಲನು ನಿಧನನಾದ.

ಹೊತ್ತು ಸಾಲದೆಂದು, ಮನೆಯ ಹೊರೆ ಹೆಚ್ಚೆಂದು ಓದುಬರಹವನ್ನೂ ಕಲೆಯನ್ನೂ ನಾಳೆಗೆ ನೂಕುವವರು ನಮ್ಮಲ್ಲಿಯೂ ಕಡಮೆಯಿಲ್ಲ. ಅವರ ಕಷ್ಟ ಸುಳ್ಳಲ್ಲ. ಕಾರ್ನೆಲ್ಲನ ಕಷ್ಟವೂ ಸುಳ್ಳಾಗಿರಲಿಲ್ಲ. ಆತನು ಹೊರೆಯನ್ನು ಇಳಿಸಿ ಕಲೆಗೆ ಬಂದವನಲ್ಲ. ಮಲಗಿದ ತಮ್ಮನ ಉಸಿರು ಕೇಳುವಷ್ಟು ಹತ್ತಿರದಲ್ಲಿ ಕುಳಿತು, ಮೇಜಿನಗಲದ ಜಾಗದಲ್ಲಿ, ರಾತ್ರಿಯ ಹೊತ್ತು ಕೆಲಸ ಮಾಡಿದ. ಅಷ್ಟು ಜಾಗದಲ್ಲಿ ಹಿಡಿಯುವುದು ಒಂದು ಪೆಟ್ಟಿಗೆ; ಆತನು ಪೆಟ್ಟಿಗೆಯನ್ನೇ ಮಾಡಿದ.