ಗೇಣುದ್ದದ ಕಬ್ಬಿಣದ ಕೊಳವೆ

ಹೊಸನಗರ ತಾಲ್ಲೂಕಿನ ನಗರದಲ್ಲಿ 2002ರಲ್ಲಿ ಕೆಲವು ಕಬ್ಬಿಣದ ಕೊಳವೆಗಳು ಸಿಕ್ಕಿದ್ದವು. ಗೇಣಿಗಿಂತ ತುಸು ಉದ್ದ, ಮೈತುಂಬ ತುಕ್ಕು. ಫಿರಂಗಿಯ ಗುಂಡುಗಳಿರಬೇಕೆಂದು ಎತ್ತಿಟ್ಟರು. ವರ್ಷಗಟ್ಟಲೆ ಅವು ಹಾಗೇ ಬಿದ್ದಿದ್ದವು. ಕೊನೆಗೆ ಪರೀಕ್ಷೆಗೆ ಹೋದಾಗ ಒಳಗಿನ ಕಪ್ಪು ಹುಡಿಯಲ್ಲಿ ಪೆಟ್ಲುಪ್ಪು, ಇದ್ದಿಲು ಕಂಡವು. ಅವು ಗುಂಡುಗಳಲ್ಲ, ಟಿಪ್ಪು ಕಾಲದ ರಾಕೆಟ್‌ಗಳು!

2018ರ ಜುಲೈನಲ್ಲಿ ಅದೇ ಊರಿನ ಬತ್ತಿದ ಬಾವಿಯೊಂದರ ಮಣ್ಣು ಮದ್ದಿನ ವಾಸನೆ ಹೊಡೆಯಿತು. ಪುರಾತತ್ವ ಇಲಾಖೆಯ ಹದಿನೈದು ಮಂದಿ ಮೂರು ದಿನ ಅಗೆದರು. ರಾಶಿರಾಶಿಯಾಗಿ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಮೇಲೆ ಬಂದವು.

ಇಂಥವೇ ಕೊಳವೆಗಳನ್ನು ನಕಲು ಮಾಡಲು ಇನ್ನೂರು ವರ್ಷದ ಹಿಂದೆ ಒಬ್ಬ ಪಟ್ಟ ಪಾಡು ದೊಡ್ಡದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರ ಕೈಗೆ ತುಂಬಿದ ರಾಕೆಟ್‌ಗಳು 700, ಖಾಲಿಯವು 9,000 ಸಿಕ್ಕವು. ಕೆಲವು ಹಡಗು ಹತ್ತಿ ಲಂಡನ್ನಿನ ವುಲಿಚ್ ಶಸ್ತ್ರಾಗಾರ ಸೇರಿದವು. ಅಲ್ಲಿ ವಿಲಿಯಂ ಕಾಂಗ್ರೀವ್ ಎಂಬವನಿಗೆ ರಾಕೆಟ್ಟಿನ ಹುಚ್ಚು ಹಿಡಿಯಿತು.

1804ರಲ್ಲಿ ಅವನು ಲಂಡನ್ ಪೇಟೆಯ ಅತಿ ದೊಡ್ಡ ಬಾಣಬಿರುಸುಗಳನ್ನು ಸ್ವಂತ ದುಡ್ಡಿನಲ್ಲಿ ಕೊಂಡು ಹಾರಿಸಿದ. ಐನೂರು, ಆರುನೂರು ಗಜಕ್ಕೆ ಅವುಗಳ ಉಸಿರು ನಿಂತಿತು. ಮೈಸೂರಿನವು ಸಾವಿರ ಗಜ ಹೋಗುತ್ತವೆಂದು ಅವನು ಕೇಳಿದ್ದ. ಮದ್ದಿನ ಪಾಕ ಬದಲಿಸಿದ, ಗಾತ್ರ ಹಿಗ್ಗಿಸಿದ, ದೂರ ಏರಿತು. 1805ರ ನವೆಂಬರ್‌ನಲ್ಲಿ ಫ್ರಾನ್ಸಿನ ಬೊಲೋನ್ ಬಂದರಿನ ಮೇಲೆ ದಾಳಿಗೆ ಹೊರಟರೆ ಬಿರುಗಾಳಿ ಎದ್ದು ದೋಣಿಗಳು ಚೆಲ್ಲಾಪಿಲ್ಲಿಯಾದವು. ಅವನು ಬಿಡಲಿಲ್ಲ. ಕಾಗದದ ಕೊಳವೆ ಬಿಟ್ಟು ಕಬ್ಬಿಣದ ತಗಡು ಸುತ್ತಿಸಿದ. ಮರುವರ್ಷದ ಅಕ್ಟೋಬರ್‌ನಲ್ಲಿ ಅದೇ ಬೊಲೋನ್‌ನಲ್ಲಿ ಬೆಂಕಿ ಎದ್ದಿತು. ಅವನ 32 ಪೌಂಡಿನ ರಾಕೆಟ್ 3,000 ಗಜ ಹಾರಿತು. ಮೈಸೂರಿನ ಕಮ್ಮಾರರ ಹೆಸರು ಮಾತ್ರ ಯಾರೂ ಬರೆದಿಡಲಿಲ್ಲ. ಈ ಕತೆಯಲ್ಲಿ ಮನಸ್ಸಿಗೆ ನೋವಾಗುವುದು ಅಲ್ಲೇ.

ಆ ಕಮ್ಮಾರರಿಗೆ ಸಲ್ಲಬೇಕಾದ್ದನ್ನು ಬೆಂಗಳೂರಿನ ವಿಜ್ಞಾನಿಯೊಬ್ಬರು ಸಲ್ಲಿಸಿದರು. ರೊದ್ದಂ ನರಸಿಂಹ 1985ರಲ್ಲೇ ಮೈಸೂರು, ಬ್ರಿಟನ್ ರಾಕೆಟ್‌ಗಳ ಚರಿತ್ರೆ ಬರೆದು ಗುಟ್ಟು ಬಿಡಿಸಿದ್ದರು. ಮದ್ದು ಉರಿದಾಗ ಒಳಗೆ ಅನಿಲದ ಒತ್ತಡ ಏರುತ್ತದೆ. ಕಾಗದ, ಬಿದಿರು ಅದಕ್ಕೆ ಬೇಗ ಸೀಳುತ್ತವೆ. ಕಬ್ಬಿಣ ತಡೆದುಕೊಳ್ಳುತ್ತದೆ, ಹಾಗಾಗಿ ಮದ್ದನ್ನು ಇನ್ನಷ್ಟು ಬಿಗಿಯಾಗಿ ಜಡಿಯಬಹುದು. ಅನಿಲ ಹಿಂದಿನ ತೂತಿನಿಂದ ಅಷ್ಟೇ ರಭಸದಿಂದ ನುಗ್ಗುತ್ತದೆ, ರಾಕೆಟ್ ಅಷ್ಟೇ ದೂರ ಹಾರುತ್ತದೆ.