ದೂರದ ದೊರೆಗೆ ಜನ ತಿರುಗಿ ಬೀಳುವುದು ಯಾಕೆ?

ಡೊಂಬಿವಲಿ ಎಂಐಡಿಸಿಯ ಆಸುಪಾಸಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಬಹಳ ಮಂದಿಯ ಊರು ಅವಿಭಜಿತ ದಕ್ಷಿಣ ಕನ್ನಡ. ನಮ್ಮ ಮಕ್ಕಳಿಗೆ 1857 ಗೊತ್ತು, ಅಮೆರಿಕದ ಕ್ರಾಂತಿಯೂ ಗೊತ್ತು. ಆದರೆ 1857ಕ್ಕೆ 20 ವರ್ಷ ಮೊದಲೇ ಸುಳ್ಯದ ಕಡೆಯ ರೈತರು ಮಂಗಳೂರನ್ನು ಈಸ್ಟ್ ಇಂಡಿಯಾ ಕಂಪನಿಯ ಕೈಯಿಂದ ಕಿತ್ತುಕೊಂಡಿದ್ದರು ಎಂದರೆ ಹುಬ್ಬೇರಿಸುತ್ತಾರೆ. ಯಾಕೆ ಎದ್ದರು ಎಂದು ಕೇಳಿದರೆ ಸಿದ್ಧ ಉತ್ತರ ಒಂದಿದೆ: ತೆರಿಗೆ ಜಾಸ್ತಿಯಾಯಿತು, ದಂಗೆ ಎದ್ದರು. ಉತ್ತರ ತಪ್ಪಲ್ಲ. ಆದರೆ ಅದು ಅರ್ಧ ಮಾತ್ರ.

ಮೊದಲು ವಸಾಹತು, ಅಂದರೆ ಕಾಲನಿ, ಏನೆಂದು ನೋಡೋಣ. ಆಳುವ ಊರು ಒಂದು ಕಡೆ, ಆಳಿಸಿಕೊಳ್ಳುವ ಊರು ಇನ್ನೊಂದು ಕಡೆ. ಇದರಲ್ಲಿ ಎರಡು ಬಗೆ. ಅಮೆರಿಕದಲ್ಲಿ ಇಂಗ್ಲೆಂಡಿನವರೇ ಹೋಗಿ ನೆಲೆಸಿದರು. ನಮ್ಮಲ್ಲಿ ಇಲ್ಲಿಯದೇ ಜನ ಇದ್ದ ನೆಲದ ಮೇಲೆ ಕಂಪನಿ ಬಂದು ಕೂತಿತು. ಎರಡೂ ಕಡೆ ತೀರ್ಮಾನವಾಗುತ್ತಿದ್ದುದು ಮಾತ್ರ ಸಮುದ್ರದಾಚೆ.

ದೂರ ಎಂದರೆ ಬರೀ ಮೈಲಿ ಅಲ್ಲ. ಮಂಗಳೂರಿನ ಕಲೆಕ್ಟರ್ ಮದ್ರಾಸನ್ನು ಕೇಳಬೇಕು. ಮದ್ರಾಸು ಲಂಡನ್ನನ್ನು ಕೇಳಬೇಕು. ಹಾಯಿಹಡಗಿನಲ್ಲಿ ಕಾಗದ ಹೋಗಿ ಉತ್ತರ ಬರಲು ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಇಲ್ಲಿ ಒಂದು ಬೆಳೆ ಕೊಯ್ದು, ಕಂದಾಯದ ಗಡುವೂ ಮುಗಿದಿರುತ್ತದೆ. ನಿಮ್ಮ ಹೌಸಿಂಗ್ ಸೊಸೈಟಿಯ ಮೆಂಟೆನೆನ್ಸ್ ಬಿಲ್ ಪ್ರತಿ ತಿಂಗಳು ತಪ್ಪದೆ ಬರುತ್ತದೆ, ಆದರೆ ಕಮಿಟಿಯಲ್ಲಿ ನಿಮ್ಮ ಕಟ್ಟಡದವರು ಯಾರೂ ಇಲ್ಲ, ಜನರಲ್ ಬಾಡಿ ಮೀಟಿಂಗಿಗೂ ನಿಮ್ಮನ್ನು ಕರೆಯುವುದಿಲ್ಲ ಎಂದುಕೊಳ್ಳಿ. ನಿಮಗೆ ಸಿಟ್ಟು ಬರುವುದು ಬಿಲ್ಲಿನ ಮೊತ್ತಕ್ಕಿಂತ ಹೆಚ್ಚಾಗಿ ಆ ಕಮಿಟಿಯ ಮೇಲೆ.

ಈಗ ಸುಳ್ಯದ ಕತೆ. 1834ರ ವರೆಗೆ ಅಮರಸುಳ್ಯ, ಪುತ್ತೂರು ಸೀಮೆಗಳು ಕೊಡಗಿನ ಅರಸರ ಕೈಯಲ್ಲಿದ್ದವು. ಆ ವರ್ಷ ಕಂಪನಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ನುಂಗಿತು. ಘಟ್ಟದ ಕೆಳಗಿನ ಈ ಭಾಗವನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅರಸರ ಕಾಲದಲ್ಲಿ ಕಂದಾಯವನ್ನು ಬೆಳೆಯ ರೂಪದಲ್ಲೇ ಕೊಡಬಹುದಿತ್ತು. ಕಂಪನಿ ರೊಕ್ಕವೇ ಬೇಕು ಎಂದಿತು.

‘ಅಕ್ಕಿ ಮಾರಿ ರೊಕ್ಕ ಕಟ್ಟಿದರಾಯಿತು, ಅದರಲ್ಲೇನು?’ ಎಂದು ನೀವು ಕೇಳಬಹುದು. ಲೆಕ್ಕ ನೋಡಿ. ಅಂಕಿಗಳು ಸುಮ್ಮನೆ ಅರ್ಥವಾಗಲೆಂದು ಇಟ್ಟುಕೊಂಡವು. ಕಂದಾಯ 10 ರೂಪಾಯಿ, ಮುಡಿ ಅಕ್ಕಿಗೆ 2 ರೂಪಾಯಿ ಇದ್ದರೆ 5 ಮುಡಿ ಮಾರಿದರೆ ಸಾಕು. ಬೆಲೆ 1 ರೂಪಾಯಿಗೆ ಇಳಿದರೆ 10 ಮುಡಿ ಮಾರಬೇಕು. ಸರ್ಕಾರದ ಪುಸ್ತಕದಲ್ಲಿ ಕಂದಾಯ ಒಂದು ಬಿಡಿಗಾಸೂ ಏರಿಲ್ಲ. ರೈತನ ಕಣಜದಲ್ಲಿ ಮಾತ್ರ ಎರಡು ಪಟ್ಟಾಗಿದೆ. ಮದ್ರಾಸ್ ಪ್ರಾಂತ್ಯದಲ್ಲಿ ಆ ದಶಕಗಳಲ್ಲಿ ಧಾನ್ಯದ ಬೆಲೆ ಕುಸಿದಿತ್ತು. ಜತೆಗೆ ಗಡುವಿನ ದಿನ ಎಲ್ಲರೂ ಒಟ್ಟಿಗೆ ಮಾರಲು ಹೊರಟರೆ ಬೆಲೆ ಕಟ್ಟುವವನು ವ್ಯಾಪಾರಿ, ಸಾಲ ಕೊಡುವವನೂ ಅವನೇ. ಉಪ್ಪು ಮತ್ತು ಹೊಗೆಸೊಪ್ಪಿನ ಮೊನಾಪಲಿ, ಅಂದರೆ ಒಬ್ಬರೇ ಮಾರುವ ಹಕ್ಕು, ಕಂಪನಿಯದು. ಎಲೆಯಡಿಕೆ ಮೆಲ್ಲುವ ನಾಡಿನಲ್ಲಿ ಹೊಗೆಸೊಪ್ಪಿನ ಮೇಲೆ ಕೈ ಇಡುವುದು ಸಣ್ಣ ಸಂಗತಿಯಲ್ಲ.

ಇಷ್ಟಾದರೂ ಯಾರೂ ನೇರ ಕತ್ತಿ ಹಿಡಿಯಲಿಲ್ಲ. ಬಹಳ ಮಂದಿ ಬಿಟ್ಟುಬಿಡುವ ಮೆಟ್ಟಿಲು ಇದು. ಸುಳ್ಯ ಇನ್ನೂ ಅರಸರ ಕೈಯಲ್ಲಿದ್ದಾಗಲೇ, 1830–31ರಲ್ಲಿ, ಪಕ್ಕದ ಕೆನರಾ ಜಿಲ್ಲೆಯ ರೈತರು ಅಲ್ಲಲ್ಲಿ ‘ಕೂಟ’ ಸೇರಿದರು. ಕಂದಾಯ ಇಳಿಸಿ ಎಂದು ಕಲೆಕ್ಟರರಿಗೆ ಅರ್ಜಿ ಬರೆದರು. ದಂಗೆಯ ಇತಿಹಾಸ ಓದುವಾಗ ನಾನು ಮೊದಲು ಹುಡುಕುವುದು ಈ ಅರ್ಜಿಗಳನ್ನೇ. ಅರ್ಜಿ ಬರೆಯುವವನಿಗೆ ಸರ್ಕಾರದ ಮೇಲೆ ಇನ್ನೂ ನಂಬಿಕೆ ಉಳಿದಿರುತ್ತದೆ. ಉತ್ತರ ಬಾರದಿದ್ದರೆ ಆ ನಂಬಿಕೆ ಹೋಗುತ್ತದೆ, ಕೂಟದಲ್ಲಿ ಬೆಳೆದ ಪರಿಚಯ ಉಳಿಯುತ್ತದೆ.

1837ರ ಮಾರ್ಚ್ ಕೊನೆಯಲ್ಲಿ ಸುಳ್ಯದ ಕಡೆ ಜನ ಎದ್ದರು. ಉಬರಡ್ಕ ಮಿತ್ತೂರಿನ ಕೆದಂಬಾಡಿ ರಾಮಯ್ಯಗೌಡರು ಮುಂದಾಳು. ಮದುವೆಯ ನೆಪದಲ್ಲಿ ಜನ ಸೇರಿಸಿದರು ಎಂದು ಆ ಕಡೆ ಈಗಲೂ ಹೇಳುತ್ತಾರೆ. ಕೊಡಗಿನ ಹಾಲೇರಿ ಅರಸು ಮನೆತನದವನೆಂದು ಹೇಳಿಕೊಂಡ ಕಲ್ಯಾಣಸ್ವಾಮಿಯನ್ನು ಮುಂದಿಟ್ಟುಕೊಂಡರು. ಬೆಳ್ಳಾರೆಯ ಖಜಾನೆ ವಶವಾಯಿತು. ಪುತ್ತೂರು ದಾಟಿ, ನಂದಾವರದ ಬಂಗರಸನನ್ನು ಜತೆ ಮಾಡಿಕೊಂಡು, ಏಪ್ರಿಲ್ 5ರಂದು ಮಂಗಳೂರು ಹೊಕ್ಕರು. ಗುಡ್ಡದ ಮೇಲೆ ಬಾವುಟ ಏರಿಸಿದರು. ಅದೇ ಇಂದಿನ ಬಾವುಟಗುಡ್ಡೆ. ಸುಮಾರು 13 ದಿನ ಊರು ಅವರದಾಗಿತ್ತು.

ಇಲ್ಲಿ ಇನ್ನೊಂದು ಸಂಶಯ ಬರುತ್ತದೆ: ಬಡವರೇ ಎದ್ದರೇ? ಇಲ್ಲ. ಮುಂದೆ ನಿಂತವರು ಜಮೀನಿದ್ದ ಗೌಡರು, ಹಳೆಯ ಅರಸು ಮನೆತನದವರು. ನಿನ್ನೆಯ ತನಕ ಅರಸನೆದುರು ಇವರ ಮಾತಿಗೆ ಬೆಲೆ ಇತ್ತು, ಇಂದು ಅಮಲ್ದಾರನೆದುರು ಇಲ್ಲ. ಅಮೆರಿಕದಲ್ಲಿಯೂ ಮುಂದಾಳುಗಳು ವಕೀಲರು, ವ್ಯಾಪಾರಿಗಳು, ತೋಟದ ಒಡೆಯರು.

ಹಾಗಾದರೆ ಘಟ್ಟದ ಮೇಲಿನ ಕೊಡಗು ಯಾಕೆ ಪೂರ್ತಿ ಏಳಲಿಲ್ಲ? ಕಂಪನಿ ಅಲ್ಲಿ ಹಳೆಯ ದಿವಾನರನ್ನು ಹಾಗೆಯೇ ಉಳಿಸಿಕೊಂಡಿತ್ತು. ಅವರ ಮಾತು ಕೇಳುತ್ತಿತ್ತು. 1837ರಲ್ಲಿ ಆ ದಿವಾನರು ಕಂಪನಿಯ ಪಕ್ಷ ಹಿಡಿದರು. ನಿಷ್ಠರಾಗಿ ಉಳಿದ ಕೊಡವರಿಗೆ ಕಂಪನಿ ಪದಕ ಕೊಟ್ಟಿತು. ಒಂದೇ ಅರಸನ ಪ್ರಜೆಗಳು, ಒಂದೇ ವರ್ಷ ಕಂಪನಿಗೆ ಸೇರಿದವರು. ಕೇಳುವ ಕಿವಿ ಇದ್ದ ಕಡೆ ಪದಕ, ಇಲ್ಲದ ಕಡೆ ದಂಗೆ. ನನ್ನ ಮಟ್ಟಿಗೆ ಇಡೀ ಪ್ರಶ್ನೆಯ ಕೀಲಿ ಇರುವುದು ಇಲ್ಲಿ.

ಅಮೆರಿಕದ ಕತೆಯೂ ಇದನ್ನೇ ಹೇಳುತ್ತದೆ. 1773ರ ಚಹಾ ಕಾಯಿದೆಯಿಂದ ಅಲ್ಲಿ ಚಹಾದ ಬೆಲೆ ಏರಲಿಲ್ಲ, ಇಳಿಯಿತು! ಆದರೂ ಡಿಸೆಂಬರ್ 16ರಂದು ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾ ನೀರಿಗೆ ಬಿತ್ತು. ಅದು ನಮ್ಮ ಈಸ್ಟ್ ಇಂಡಿಯಾ ಕಂಪನಿಯದೇ ಮಾಲು. ಅಮೆರಿಕದವರ ಆಕ್ಷೇಪ ಬೆಲೆಯ ಬಗ್ಗೆ ಇರಲಿಲ್ಲ; ಲಂಡನ್ನಿನ ಪಾರ್ಲಿಮೆಂಟಿನಲ್ಲಿ ನಮ್ಮವನೊಬ್ಬನೂ ಇಲ್ಲದಿರುವಾಗ ತೆರಿಗೆ ಹಾಕಲು ನೀವು ಯಾರು ಎಂಬುದಾಗಿತ್ತು. ಇನ್ನೊಂದು ಕಾರಣವೂ ಇತ್ತು. 1763ರಲ್ಲಿ ಫ್ರೆಂಚರು ಕೆನಡಾ ಬಿಟ್ಟುಕೊಟ್ಟರು. ಪಕ್ಕದ ವೈರಿಯ ಭಯ ಹೋದ ಮೇಲೆ ಕಾಯುವ ದೊರೆಯ ಅಗತ್ಯವೂ ಕಡಿಮೆಯಾಯಿತು.

ನಮ್ಮ ಥಾಣೆಯಲ್ಲಿ ನಡೆದದ್ದು ಇದರ ತಿರುಗುಮುರುಗು. 1534ರಿಂದ ವಸಯಿ ಸೀಮೆ ಪೋರ್ಚುಗೀಸರದು. ಅಪ್ಪಣೆ ಗೋವಾದಿಂದ, ಗೋವಾಕ್ಕೆ ಲಿಸ್ಬನ್ನಿನಿಂದ. ಇಲ್ಲಿ ನೆಲೆಸಿದ್ದ ಪೋರ್ಚುಗೀಸ್ ಜಮೀನ್ದಾರರು ಗೋವಾಕ್ಕೆ ತಿರುಗಿ ಬೀಳಲಿಲ್ಲ, ಯಾಕೆಂದರೆ ಮರಾಠರು ಬಾಗಿಲಲ್ಲೇ ಇದ್ದರು. ತಿರುಗಿ ಬಿದ್ದವರು ಸ್ಥಳೀಯರು. ಭಿವಂಡಿ ಪಕ್ಕದ ಅಂಜೂರಿನ ಗಂಗಾಜಿ ನಾಯಕರು ಪೇಶ್ವೆಯ ಜತೆ ಗುಟ್ಟಾಗಿ ಮಾತಾಡಿದರು. 1737ರಲ್ಲಿ ಥಾಣೆ, 1739ರ ಮೇ ತಿಂಗಳಲ್ಲಿ ವಸಯಿ ಮರಾಠರ ವಶವಾದವು.

ಇವತ್ತಿನ ಒಂದು ಮಾತನ್ನೂ ಸೇರಿಸುತ್ತೇನೆ. ಎಂಐಡಿಸಿ ಸುತ್ತಲಿನ 27 ಹಳ್ಳಿಗಳನ್ನು 1983ರಲ್ಲಿ ಕಲ್ಯಾಣ–ಡೊಂಬಿವಲಿ ಮಹಾನಗರಪಾಲಿಕೆಗೆ ಸೇರಿಸಿದರು, 2002ರಲ್ಲಿ ಹೊರಗಿಟ್ಟರು, 2015ರಲ್ಲಿ ಮತ್ತೆ ಸೇರಿಸಿದರು. ತೆರಿಗೆ ನಮ್ಮದು, ತೀರ್ಮಾನ ಬೇರೆಯವರದು ಎಂಬ ದೂರು ಅಲ್ಲಿಯೂ ಕೇಳಿಬಂತು. ಆದರೆ ಅದು ಮೋರ್ಚಾ, ಅರ್ಜಿ, ಹೈಕೋರ್ಟಿನ ದಾರಿ ಹಿಡಿಯಿತು. ಅದಕ್ಕೆ ಜನರ ಸ್ವಭಾವ ಕಾರಣವಲ್ಲ; ಈಗ ತಟ್ಟಲು ಬಾಗಿಲುಗಳಿವೆ.

ಆ ಬಾಗಿಲುಗಳಿಲ್ಲದ ಕಾಲದಲ್ಲಿ ಎದ್ದವರು ತೆತ್ತ ಬೆಲೆ? ಸುಳ್ಯದವರಿಗೆ ಬಹಳವಾಯಿತು. ಹೊರಗಿನಿಂದ ಸೈನ್ಯ ಬಂದ ಮೇಲೆ ದಂಗೆ ಮುರಿಯಿತು. ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಮುಂದಾಳುಗಳನ್ನು ನೇಣಿಗೆ ಹಾಕಿದರು. ಇನ್ನೊಬ್ಬ ಮುಂದಾಳು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು.

ಹೆಚ್ಚು ತಿಳಿಯಬೇಕೇ? ನಿರಂಜನರ ‘ಕಲ್ಯಾಣಸ್ವಾಮಿ’ ಮತ್ತು ‘ಸ್ವಾಮಿ ಅಪರಂಪಾರ’ ಕಾದಂಬರಿಗಳನ್ನು ಹುಡುಕಿ. ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ, ಕಲೀನಾದಲ್ಲಿರುವ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ವಿಚಾರಿಸಬಹುದು. ಕಾದಂಬರಿ ಕಾದಂಬರಿಯೇ, ಪ್ರಾಜೆಕ್ಟ್ ಬರೆಯುವ ಮಕ್ಕಳು ಅದನ್ನೇ ದಾಖಲೆ ಎಂದುಕೊಳ್ಳಬಾರದು. ಊರಿಗೆ ಹೋದಾಗ ಬಾವುಟಗುಡ್ಡೆ ಹತ್ತಿ. 2022ರಲ್ಲಿ ಅಲ್ಲಿ ರಾಮಯ್ಯಗೌಡರ ಪ್ರತಿಮೆ ನಿಲ್ಲಿಸಿದ್ದಾರೆ.

ಇಲ್ಲೇ ಹತ್ತಿರದಲ್ಲಿ ನೋಡುವುದಾದರೆ, ಥಾಣೆಯ ಕೋಟೆ ಈಗ ಸೆಂಟ್ರಲ್ ಜೈಲು, ಹೊರಗೋಡೆಗಷ್ಟೇ ತೃಪ್ತಿಪಡಬೇಕು. ವಸಯಿ ಕೋಟೆಗೆ ಹೋಗಲು ದಾದರ್ ಸುತ್ತಬೇಕಿಲ್ಲ. ನಮ್ಮ ಪಕ್ಕದ ಕೋಪರ್ ಸ್ಟೇಷನ್ನಿನ ಮೇಲಿನ ಪ್ಲಾಟ್‌ಫಾರ್ಮಿನಿಂದ ದಿವಾ–ವಸಯಿ ಗಾಡಿ ಸಿಗುತ್ತದೆ. ವಸಯಿ ರೋಡಿನಲ್ಲಿ ಪಶ್ಚಿಮಕ್ಕೆ ಇಳಿದು ಬಸ್ಸೋ ರಿಕ್ಷಾವೋ ಹಿಡಿಯಿರಿ. ಈ ಮಾರ್ಗದಲ್ಲಿ ಗಾಡಿಗಳು ಕಡಿಮೆ. ಹೋಗುವ ಗಾಡಿಯ ಜತೆ ವಾಪಸು ಬರುವ ಗಾಡಿಯ ಸಮಯವನ್ನೂ ಮನೆಯಲ್ಲೇ ನೋಡಿಕೊಂಡು ಹೊರಡಿ.